ಮಂಗಳೂರು ತುಟ್ಟಿ ಅಲ್ಲ, ಹುಬ್ಬಳ್ಳಿ ಪುಗಸಟ್ಟೆ ಇತ್ತು: ಒಂದು ಸಂಸಾರದ ಲೆಕ್ಕ

2025ರ ಏಪ್ರಿಲ್ ಕೊನೆಯ ವಾರ. ರಾತ್ರಿ ಊಟಕ್ಕೆ ಕೂತಿದ್ದೆ, ಕಾಕಾನ ಮಗನ ಫೋನ್ ಬಂತು. "ಅಣ್ಣಾ, ಪ್ರಮೋಷನ್ ಆತು." ಸುದ್ದಿ ಖುಷಿಯದು, ದನಿಯಲ್ಲಿ ಖುಷಿ ಇಲ್ಲ. ಯಾಕೋ ಅಂದೆ. "ಮಂಗಳೂರಿಗೆ ಹಾಕ್ಯಾರ."

ನಾನು ಹುಬ್ಬಳ್ಳಿಯಲ್ಲಿ ಅಂಗಡಿಗಳ ಲೆಕ್ಕ ಬರೆಯುವವನು. ನಮ್ಮ ಬಳಗದಲ್ಲಿ ಯಾರಿಗೆ ದುಡ್ಡಿನ ಗೊಂದಲ ಬಂದರೂ ಫೋನ್ ನನಗೇ ಬರುತ್ತದೆ. ಈ ಗೊಂದಲ ಬಗೆಹರಿಯಲು ಏಳು ತಿಂಗಳು ಹಿಡಿಯಿತು. ನಡುವೆ ನಾನೂ ಎರಡು ತಪ್ಪು ಲೆಕ್ಕ ಹಾಕಿದೆ, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ. ಹೆಸರು, ಕಚೇರಿ, ಶಾಲೆ ಬಿಟ್ಟಿದ್ದೇನೆ. ಅಂಕಿಗಳನ್ನು ಅವರ ಒಪ್ಪಿಗೆ ಕೇಳಿಯೇ ಹಾಕಿದ್ದೇನೆ.

ಸಂಸಾರ ಚಿಕ್ಕದು. ಅವನಿಗೆ 33, ಹೆಂಡತಿಗೆ 29, ಮಗಳಿಗೆ ನಾಲ್ಕು ತುಂಬುತ್ತಿತ್ತು. ಅವನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನೌಕರ, ಅವಳು ಖಾಸಗಿ ಶಾಲೆಯಲ್ಲಿ ಟೀಚರ್. ಮನೆ ನವನಗರದಲ್ಲಿ, ಸ್ವಂತದ್ದು. ಕೆಳಗೆ ಚಿಗವ್ವ, ಅಂದರೆ ಅವನ ತಾಯಿ. ಕಾಕಾ ತೀರಿಕೊಂಡು ಆರು ವರ್ಷವಾಯಿತು. ಮೇಲಿನ ಮನೆಯನ್ನು ಇವನು ಸಾಲ ಮಾಡಿ ಕಟ್ಟಿಸಿದ್ದು, ಕಂತು ತಿಂಗಳಿಗೆ 17,400.

ಅವನ ಮೊದಲ ಮಾತು ಸರಳವಾಗಿತ್ತು. "ಎಚ್‌ಆರ್‌ಎ ಎರಡೂ ಕಡೆ ಅಷ್ಟ ಐತಿ ಅಣ್ಣಾ. ಸರ್ಕಾರದ ಲೆಕ್ಕದಾಗ ಎರಡೂ ಒಂದ ಗ್ರೇಡಿನ ಊರು. ಹಂಗಾರ ಖರ್ಚ ಭಾಳ ಫರಕ ಆಗಬಾರದು, ಹೌದಲ್ಲೋ?"

ಇಲ್ಲೇ ಬಹಳ ಜನ ಎಡವುತ್ತಾರೆ. ಎಚ್‌ಆರ್‌ಎ ಅಂದರೆ ಪಗಾರದ ಜತೆ ಕೊಡುವ ಮನೆ ಬಾಡಿಗೆ ಭತ್ಯೆ. ಕೇಂದ್ರ ಸರ್ಕಾರ ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಮಾಡಿದೆ. ಡಿಎ, ಅಂದರೆ ತುಟ್ಟಿಭತ್ಯೆ, ಶೇ 50 ಮುಟ್ಟಿದ ಮೇಲೆ, 2024ರ ಜನವರಿಯಿಂದ, ಎಕ್ಸ್ ಊರಿಗೆ ಮೂಲವೇತನದ ಶೇ 30, ವೈ ಊರಿಗೆ 20, ಝಡ್‌ಗೆ 10. ನಮ್ಮ ರಾಜ್ಯದಲ್ಲಿ ಬೆಂಗಳೂರೊಂದೇ ಎಕ್ಸ್. ಹುಬ್ಬಳ್ಳಿ-ಧಾರವಾಡ ವೈ, ಮಂಗಳೂರೂ ವೈ. ಆದರೆ ಈ ವಿಂಗಡಣೆ ಮಾಡಿದ್ದು ಜನಸಂಖ್ಯೆ ನೋಡಿ, ಬಾಡಿಗೆ ನೋಡಿ ಅಲ್ಲ. ಐದು ಲಕ್ಷದಿಂದ ಐವತ್ತು ಲಕ್ಷದವರೆಗಿನ ಊರು ವೈ, ಅಷ್ಟೇ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಜನ 9.43 ಲಕ್ಷ, ಮಂಗಳೂರು ಸುತ್ತಮುತ್ತಲಿನದ್ದು ಸೇರಿ ಆರು ಲಕ್ಷ ಚಿಲ್ಲರೆ. ತಲೆ ಎಣಿಸಿದರೆ ನಾವೇ ದೊಡ್ಡವರು. ಮನೆ ಹುಡುಕಲು ಹೋದಾಗ ಮಾತ್ರ ಅವರು.

ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇತ್ತು. ಹುಬ್ಬಳ್ಳಿಯಲ್ಲಿ ಅವನ ಎಚ್‌ಆರ್‌ಎ 8,460. ಸ್ವಂತ ಮನೆ, ಹಾಗಾಗಿ ಆ ದುಡ್ಡು ಬಾಡಿಗೆಗೆ ಹೋಗುತ್ತಿರಲಿಲ್ಲ, ಸುಮ್ನೆ ಪಗಾರದಲ್ಲಿ ಬಂದು ಮನೆ ಸಾಲದ ಅರ್ಧ ಕಂತನ್ನು ತೀರಿಸುತ್ತಿತ್ತು. ಮಂಗಳೂರಿಗೆ ಹೋದರೆ ಎಚ್‌ಆರ್‌ಎ 8,980 ಆಗುತ್ತದೆ, 520 ರೂಪಾಯಿ ಜಾಸ್ತಿ. ಆದರೆ ಪೂರ್ತಿ ಬಾಡಿಗೆಗೆ ಹೋಗುತ್ತದೆ, ಸಾಲುವುದೂ ಇಲ್ಲ. ಹೆಸರು ಒಂದೇ ಇದ್ದರೂ ಹುಬ್ಬಳ್ಳಿಯ ಎಚ್‌ಆರ್‌ಎ ಇವನಿಗೆ ಉಳಿತಾಯ, ಮಂಗಳೂರಿನ ಎಚ್‌ಆರ್‌ಎ ಖರ್ಚು. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗ ನೋಡೇ ಇಲ್ಲ ನಾನು" ಅಂದ.

ಮರುದಿನ ಭಾನುವಾರ ಅವರ ಮನೆಗೆ ಹೋಗಿ ಅಡುಗೆಮನೆಯ ಕಟ್ಟೆ ಮೇಲೆ ಕಾಗದ ಇಟ್ಟುಕೊಂಡು ಕೂತೆ. ಆಗಿನ ಮೂಲವೇತನ 42,300, ಪಗಾರದ ಶ್ರೇಣಿಯಲ್ಲಿ ಲೆವಲ್ 6. ಡಿಎ ಆಗ ಶೇ 55. ಪಿಂಚಣಿಯ ಎನ್‌ಪಿಎಸ್‌ಗೆ ಶೇ 10, ವೃತ್ತಿ ತೆರಿಗೆ 200, ಇನ್ನಷ್ಟು ಚಿಲ್ಲರೆ ಕಡಿತ ಎಲ್ಲ ಹೋಗಿ ಕೈಗೆ 69,500. ಆದಾಯ ತೆರಿಗೆ ಇಲ್ಲ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಕಟ್ಟುವಂತಿಲ್ಲ. ಹೆಂಡತಿಯ ಪಗಾರ 16,000. ಒಟ್ಟು 85,500. ಮನೆ ಖರ್ಚು ಎಲ್ಲ ಸೇರಿ 33,000, ಕಂತು 17,400. ಉಳಿಯುವುದು 35,100. ವಯಸ್ಸಿಗೆ ಚೆನ್ನಾಗಿಯೇ ಇತ್ತು.

ಬಡ್ತಿಯಿಂದ ಲೆವಲ್ 7, ಮೂಲವೇತನ 44,900. ಹೆಚ್ಚಿದ್ದು 2,600. ಅದರ ಮೇಲೆ ಡಿಎ, ಎಚ್‌ಆರ್‌ಎ ಸೇರಿಸಿ, ಎನ್‌ಪಿಎಸ್ ಕಳೆದು ನೋಡಿದರೆ ಕೈಗೆ ಜಾಸ್ತಿ ಬರುವುದು ತಿಂಗಳಿಗೆ 4,147 ರೂಪಾಯಿ. ನಾನು ಆ ಅಂಕಿಯ ಸುತ್ತ ಗೆರೆ ಎಳೆದು ಅವನ ಮುಂದಿಟ್ಟೆ. ಇಡೀ ಊರು ಬಿಡುವುದು ಇದಕ್ಕೆ.

ಮೂರು ದಾರಿ ಇದ್ದವು. ಬಡ್ತಿ ಬೇಡ ಅಂತ ಬರೆದುಕೊಡಬಹುದಿತ್ತು. ಹಾಗೆ ಮಾಡಿದರೆ ಒಂದು ವರ್ಷ ಮತ್ತೆ ಕೇಳುವುದಿಲ್ಲ, ಹಿಂದಿನವರು ಮುಂದೆ ಹೋಗುತ್ತಾರೆ, ಮುಂದಿನ ಸಲವೂ ಹುಬ್ಬಳ್ಳಿಯಲ್ಲೇ ಜಾಗ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಎರಡನೆಯದು, ಅವನೊಬ್ಬನೇ ಹೋಗಿ ಪಿಜಿಯಲ್ಲಿ ಇರುವುದು. ಊಟ, ಖೋಲಿ, ತಿಂಗಳಿಗೆ ಎರಡು ಸಲ ಊರಿಗೆ ಓಡಾಟ ಎಲ್ಲ 13,000 ಹಿಡಿದರೂ ತಿಂಗಳಿಗೆ 26,000 ಉಳಿಯುತ್ತಿತ್ತು. ಮೂರನೆಯದು, ಎಲ್ಲರೂ ಹೋಗುವುದು.

ನಾನು ಹೇಳಿದ್ದು ಎರಡನೆಯದನ್ನೇ. ಲೆಕ್ಕದವನು ಇನ್ನೇನು ಹೇಳುತ್ತಾನೆ! ಅಷ್ಟೊತ್ತು ರೊಟ್ಟಿ ಬಡಿಯುತ್ತ ಸುಮ್ಮನಿದ್ದ ಅವನ ಹೆಂಡತಿ ಕೈ ನಿಲ್ಲಿಸದೆಯೇ ಮಾತಾಡಿದಳು. "ಭಾವಾರ, ಮೂರು-ನಾಕು ವರ್ಷ ಅಲ್ಲೇ ಇಡತಾರಂತ. ಕೂಸು ಎಂಟು ವರ್ಷದ್ದು ಆಗೋತನಕ ಅಪ್ಪ ಶನಿವಾರದ ಬೀಗರ ಆಗೋದು ಬ್ಯಾಡ." ನನ್ನ ಕಾಗದದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಎಲ್ಲರೂ ಹೋಗುವುದು ಅಂತ ಅಲ್ಲಿಗೆ ತೀರ್ಮಾನವಾಯಿತು.

ಚಿಗವ್ವ ಬರುವುದಿಲ್ಲ ಅಂದಳು. ಅಣ್ಣಿಗೇರಿ ಹತ್ತಿರ ಹೊಲ ಇದೆ, ಪಾಲಿಗೆ ಕೊಟ್ಟಿದ್ದಾರೆ. ಅದನ್ನು ನೋಡುವವರು ಯಾರು? ಜತೆಗೆ ಆ ದಾರಿಯ ಹೆದರಿಕೆ. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದನ್ನು ಟಿವಿಯಲ್ಲಿ ದಿನಗಟ್ಟಲೆ ನೋಡಿದವಳು ಅವಳು. ಹುಬ್ಬಳ್ಳಿಯಿಂದ ಮಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರ್ ಮೇಲಾಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾದಲ್ಲಿ ಕರಾವಳಿ ಹೆದ್ದಾರಿ ಸೇರಬೇಕು. ರೈಲು ಇಲ್ಲವೆಂದಲ್ಲ. ವಿಜಯಪುರ-ಮಂಗಳೂರು ಗಾಡಿ ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ, ಆದರೆ ಹಾವೇರಿ, ದಾವಣಗೆರೆ, ಅರಸೀಕೆರೆ, ಹಾಸನ, ಸಕಲೇಶಪುರ ಅಂತ ಅರ್ಧ ಕರ್ನಾಟಕ ಸುತ್ತಿಸಿ ಇಳಿಸುತ್ತದೆ. ಹುಬ್ಬಳ್ಳಿ-ಅಂಕೋಲಾ ರೈಲು ತೊಂಬತ್ತರ ದಶಕದಿಂದಲೂ ಕಾಗದದ ಮೇಲೆಯೇ ಓಡುತ್ತಿದೆ. ಈ ಸಂಸಾರದ ಪಾಲಿಗೆ ಅದು ಬರೀ ಪೇಪರ್ ಸುದ್ದಿಯಾಗಿ ಉಳಿಯಲಿಲ್ಲ. ಆ ದಾರಿ ಆಗಿದ್ದರೆ ಚಿಗವ್ವ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳೇನೋ.

ಮೇ ಎರಡನೇ ವಾರ ಗಂಡ ಹೆಂಡತಿ ಮನೆ ನೋಡಲು ಹೋದರು. ಕೊಟ್ಟಾರ ಚೌಕಿ ಕಡೆ ಒಂದು ಕೆಳಗಿನ ಮನೆ 13,500ಕ್ಕೆ ಸಿಕ್ಕಿತು. ಎರಡು ಕೋಣೆ, ಮುಂದೆ ಪೇರಲ ಗಿಡ, ಕಚೇರಿಗೆ ಹತ್ತಿರ. ಮುಂಗಡ ಕೊಡಲು ಫೋನ್ ತೆಗೆದಿದ್ದಾನೆ, ಅಷ್ಟರಲ್ಲಿ ಕರೆದುಕೊಂಡು ಬಂದಿದ್ದ ರಿಕ್ಷಾದವನು ಹೊರಗಿನಿಂದಲೇ, "ಮಳೆಗಾಲದಲ್ಲಿ ಒಮ್ಮೆ ನೋಡಿ ಮತ್ತೆ ಕೊಡಿ ಮಾರ್ರೆ, ಅಲ್ಲಿ ಗೋಡೆ ನೋಡಿ" ಅಂದನಂತೆ. ನೋಡಿದರೆ ಹೊರಗೋಡೆಯ ಬಣ್ಣದ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ, ಕಾಂಪೌಂಡ್ ಗೋಡೆಯ ಮೇಲೂ ಅದೇ ಎತ್ತರಕ್ಕೆ. ನೀರು ನಿಂತ ಗುರುತು. ನಮ್ಮ ಕಡೆಯವರಿಗೆ ಇದು ಹೊಳೆಯುವುದೇ ಇಲ್ಲ. ಧಾರವಾಡದಲ್ಲಿ ವರ್ಷಕ್ಕೆ ಎಂಟುನೂರು ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಮಂಗಳೂರಿನಲ್ಲಿ ಮೂರೂವರೆ ಸಾವಿರದ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಮನೆ ನೋಡಿ ಒಪ್ಪಿಕೊಳ್ಳುವುದು ಅಂದರೆ ಹುಡುಗನ ಫೋಟೋ ನೋಡಿ ಮದುವೆ ನಿಶ್ಚಯ ಮಾಡಿದ ಹಾಗೆ. ಆ ರಿಕ್ಷಾದವನಿಗೆ ಇವರು ಬಾಡಿಗೆಯ ಮೇಲೆ ಐವತ್ತು ರೂಪಾಯಿ ಜಾಸ್ತಿ ಕೊಟ್ಟರಂತೆ. ಐದುನೂರು ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಕೊನೆಗೆ ಕಾವೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಬಾಡಿಗೆ 17,000, ಮೇಂಟೆನೆನ್ಸ್ 1,500. ಮನೆಯ ಒಡತಿ ಇವರ ಮಾತು ಕೇಳಿದ ಕೂಡಲೇ, "ಘಟ್ಟದ ಮೇಲಿನವರಾ?" ಅಂದರಂತೆ. ನನ್ನ ತಮ್ಮನಿಗೆ ಸ್ವಲ್ಪ ಮುಜುಗರ. ಅಲ್ಲಿ ನಮ್ಮ ಕಡೆಯವರು ಅಂದರೆ ಕಟ್ಟಡ ಕೆಲಸಕ್ಕೆ ಬಂದ ಕೊಪ್ಪಳ, ಗದಗ, ಬಾಗಲಕೋಟೆ ಜನ ಕಣ್ಣ ಮುಂದೆ ಬರುತ್ತಾರೆ, ಅವರಿಗೆ ಬಾಡಿಗೆ ಮನೆ ಸುಲಭಕ್ಕೆ ಸಿಗುವುದಿಲ್ಲ ಅಂತ ಇವನು ಕೇಳಿದ್ದ. ಆದರೆ ಆಕೆ ಹೇಳಿದ್ದು ಬೇರೆ: "ಬಟ್ಟೆ ಒಣಗುದಿಲ್ಲ, ಈಗಲೇ ಹೇಳ್ತೇನೆ. ಆಮೇಲೆ ನನ್ನ ಹತ್ತಿರ ಜಗಳ ಮಾಡ್ಬೇಡಿ." ಎಂಥಾ ಪ್ರಾಮಾಣಿಕ ಒಡತಿ ಅಲ್ವಾ!

ಇನ್ನು ಒಮ್ಮೆಲೇ ಬಿದ್ದ ಖರ್ಚು. ಡಿಪಾಜಿಟ್ 75,000. ಏಜೆಂಟನಿಗೆ ಒಂದು ತಿಂಗಳ ಬಾಡಿಗೆ, 17,000. ಲಾರಿಗೆ 24,000, ಸಾಮಾನು ಕಟ್ಟಿದವರಿಗೆ 3,500. ಅಲ್ಲಿನ ಶಾಲೆಯಲ್ಲಿ ಎಲ್‌ಕೆಜಿ ಪ್ರವೇಶಕ್ಕೆ 20,000. ಇವೆಲ್ಲದರ ಜತೆ ಹುಬ್ಬಳ್ಳಿಯ ಒಂದು ಶಾಲೆಗೆ ಮಾರ್ಚ್‌ನಲ್ಲೇ ಕಟ್ಟಿದ್ದ 12,000 ಹೋಯಿತು. ಮಗು ಒಂದು ದಿನವೂ ಆ ಮೆಟ್ಟಿಲು ಹತ್ತಿಲ್ಲ, ಆದರೂ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ, ವಾಪಸು ಇಲ್ಲ. ವರ್ಗಾವಣೆಯ ನೌಕರಿ ಇದ್ದವರು ಪ್ರವೇಶ ಶುಲ್ಕ ಕಟ್ಟುವ ಮುಂಚೆ ಆ ಹಿಂಬದಿ ಓದಬೇಕು. ಎಲ್ಲ ಸೇರಿ ಒಂದು ಲಕ್ಷ ಐವತ್ತೊಂದು ಸಾವಿರದ ಐದುನೂರು. ಸರ್ಕಾರ ವರ್ಗಾವಣೆಗೆ ಮೂಲವೇತನದ ಶೇ 80 ಕೊಡುತ್ತದೆ, ಇವನಿಗೆ 33,840, ಲಾರಿ ಖರ್ಚು ಬೇರೆ. ಆದರೆ ಬಿಲ್ ಪಾಸಾಗಿ ದುಡ್ಡು ಬಂದದ್ದು ಸೆಪ್ಟೆಂಬರ್‌ನಲ್ಲಿ. ಬರುತ್ತದೆ ಅನ್ನುವುದೂ ಕೈಯಲ್ಲಿ ಇದೆ ಅನ್ನುವುದೂ ಒಂದೇ ಅಲ್ಲ.

ಮೇ 25ರ ಭಾನುವಾರ ಲಾರಿ ಹೊರಟಿತು. ಹಿಂದಿನ ದಿನವೇ ಮುಂಗಾರು ಕೇರಳ ಮುಟ್ಟಿತ್ತು. ಸಾಮಾನ್ಯವಾಗಿ ಜೂನ್ ಒಂದಕ್ಕೆ ಬರುವುದು ಆ ವರ್ಷ ಎಂಟು ದಿನ ಮೊದಲೇ ಬಂತು. ಕರಾವಳಿಗೆ ರೆಡ್ ಅಲರ್ಟ್. ಕಾವೂರಿನಲ್ಲಿ ಸಾಮಾನು ಇಳಿಸುವಾಗ ತಾಡಪತ್ರಿ ತೆಗೆಯಲೂ ಆಗದಂಥ ಮಳೆ. ಹಾಸಿಗೆ ಎರಡು ತೊಯ್ದವು, ಅವು ಒಣಗಲು ಆಗಸ್ಟ್ ಬೇಕಾಯಿತು. ಜೋಳದ ಚೀಲವನ್ನು ಮಾತ್ರ ಡ್ರೈವರ್ ಕ್ಯಾಬಿನ್‌ನಲ್ಲಿ ಇಟ್ಟುಕೊಂಡು ಬಂದಿದ್ದ. ಅವನು ಕುಂದಗೋಳದವನು, ಜೋಳದ ಬೆಲೆ ಗೊತ್ತಿದ್ದವನು.

ಜುಲೈನಲ್ಲಿ ನಾನೇ ಒಂದು ಶನಿವಾರ ಹೋದೆ. ಸಾಯಂಕಾಲ ತಮ್ಮನ ಹೆಂಡತಿ ಊಟಕ್ಕೆ ಬಡಿಸಿದಳು. ಚಿಗವ್ವ ಕಟ್ಟಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮನೆಗಳಲ್ಲಿ ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದು ತಿಂಗಳು ಅಲುಗದು. ಮುರಿದರೆ ಪಕ್ಕದ ಮನೆಗೆ ಕೇಳುತ್ತದೆ. ಆ ರೊಟ್ಟಿಯನ್ನು ನಾನು ಮುರಿಯಲು ಹೋದೆ, ಅದು ಬಗ್ಗಿತು. ಮುರಿಯಲೇ ಇಲ್ಲ, ಹಳೆ ಚಪ್ಪಲಿಯ ಅಟ್ಟೆ ಹಾಗೆ ಬಗ್ಗಿ ಕೈಯಲ್ಲಿ ನಿಂತಿತು. ಡಬ್ಬಿ ತೆಗೆದು ಎರಡು ದಿನವಾಗಿತ್ತಂತೆ. ಚಟ್ನಿ ಪುಡಿ ಉಂಡೆ ಕಟ್ಟಿತ್ತು. ತಮ್ಮನ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಸಲು. ಅವಳು ನಕ್ಕಳು, ಆದರೆ ಕಣ್ಣಲ್ಲಿ ನೀರಿತ್ತು.

ರೊಟ್ಟಿ ಬಿಟ್ಟು ಕಾಗದ ತೆಗೆದೆವು. ಕೈಗೆ ಬರುವುದು 73,600, ಅವನದ್ದು ಮಾತ್ರ. ಅವಳಿಗೆ ಕೆಲಸ ಸಿಕ್ಕಿರಲಿಲ್ಲ. ಇದು ನನ್ನ ಮೊದಲ ತಪ್ಪು. ಬಿ.ಎಡ್ ಇದೆ, ಆರು ವರ್ಷದ ಅನುಭವ ಇದೆ, ಮಂಗಳೂರಿನಲ್ಲಿ ಶಾಲೆಗಳಿಗೇನು ಬರವೇ, ಜೂನ್‌ನಲ್ಲಿ ಸಿಕ್ಕೇ ಸಿಗುತ್ತದೆ ಅಂತ ಬರೆದುಬಿಟ್ಟಿದ್ದೆ. ಇವಳು ವಿಚಾರಿಸಿದ ಶಾಲೆಗಳೆಲ್ಲ ಮಾರ್ಚ್-ಏಪ್ರಿಲ್‌ನಲ್ಲೇ ಟೀಚರ್‌ಗಳನ್ನು ತೆಗೆದುಕೊಂಡು ಮುಗಿಸಿದ್ದವು. ಇವಳು ಅರ್ಜಿ ಹಿಡಿದು ಹೋದದ್ದು ಜೂನ್ ಹತ್ತಕ್ಕೆ.

ಬಾಡಿಗೆ, ಮೇಂಟೆನೆನ್ಸ್ 18,500. ಕಂತು 17,400, ಅದೇನು ಊರು ಬಿಟ್ಟರೆ ಬಿಡುವುದಿಲ್ಲ. ಮನೆ ಖರ್ಚು 33,000 ಇದ್ದದ್ದು 44,100 ಆಗಿತ್ತು. ಹೇಗೆ? ಶಾಲೆಗೆ 2,000 ಜಾಸ್ತಿ, ವ್ಯಾನಿಗೆ 1,500. ಊರಿಗೆ ಓಡಾಟ 2,900. ಚಿಗವ್ವ ಈಗ ಬೇರೆ ಒಲೆ ಹೊತ್ತಿಸಬೇಕು, ಅದಕ್ಕೆ 4,000 ಜಾಸ್ತಿ. ಕರೆಂಟಿಗೆ 700. ಹುಬ್ಬಳ್ಳಿಯಲ್ಲಿ ಗೃಹಜ್ಯೋತಿ, ಬಿಲ್ ಸೊನ್ನೆ. ಅದು ಹಳೆಯ ಮನೆಯ ಹಳೆಯ ಬಳಕೆ ನೋಡಿ ಕೊಟ್ಟದ್ದು. ಹೊಸ ಬಾಡಿಗೆ ಮನೆಗೆ ಹೋದವರಿಗೆ ರಾಜ್ಯದ ಸರಾಸರಿ ಹಿಡಿಯುತ್ತಾರೆ, ಅದು ಕಡಿಮೆ. ಫ್ಯಾನ್ ಇಪ್ಪತ್ನಾಲ್ಕು ಗಂಟೆ ತಿರುಗುವ ಊರಲ್ಲಿ ಅದು ಎಲ್ಲಿ ಸಾಲುತ್ತದೆ? ಒಟ್ಟು ಹೋಗುವುದು 80,000. ಬರುವುದು 73,600. ತಿಂಗಳಿಗೆ 6,400 ಕೊರತೆ. ಹುಬ್ಬಳ್ಳಿಯಲ್ಲಿ 35,100 ಉಳಿಸುತ್ತಿದ್ದ ಸಂಸಾರ ಇದೇ.

"ಮಂಗಳೂರ ಭಾಳ ತುಟ್ಟಿ ಅಣ್ಣಾ" ಅಂದ ಅವನು.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ, ಸೆಖೆ. ಬಾಲ್ಕನಿಯಲ್ಲಿ ಕೂತು ಅದೇ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲಿ ಬೇರೆ ಲೆಕ್ಕ ಬರೆದೆ. ಮಂಗಳೂರಿನಲ್ಲಿ ನಿಜಕ್ಕೂ ತುಟ್ಟಿ ಇರುವುದು ಏನೇನು? ನಂದಿನಿ ಹಾಲು ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದ್ದು ಎರಡೂ ಊರಲ್ಲಿ. ಬೇಳೆ, ಎಣ್ಣೆ ಹೆಚ್ಚು ಕಡಿಮೆ ಅಷ್ಟೇ. ಕಾಯಿಪಲ್ಲೆ ತುಟ್ಟಿ, ಯಾಕೆಂದರೆ ಬಹಳಷ್ಟು ಘಟ್ಟ ಇಳಿದೇ ಬರಬೇಕು. ಮೀನು ಇದೆ, ಆದರೆ ಇವರು ತಿನ್ನುವವರಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ಅಲ್ಲಿನವರೂ ಕೊಳ್ಳುತ್ತಾರೆ, ಗಸಿಗೆ ಅದೇ ಬೇಕು. ಬಾಡಿಗೆ ಒಂದನ್ನು ಬಿಟ್ಟರೆ ಊರಿನ ಬೆಲೆಯಿಂದ ಇಷ್ಟು ದೊಡ್ಡ ತೂತು ಬೀಳುವಂತಿಲ್ಲ.

ತೂತು ಬಿದ್ದದ್ದು ಹುಬ್ಬಳ್ಳಿಯಲ್ಲಿ ಲೆಕ್ಕಕ್ಕೇ ಹಿಡಿಯದೆ ಬಿಟ್ಟದ್ದರಿಂದ. ಮನೆ ಸ್ವಂತದ್ದು, ಅಂಥದ್ದಕ್ಕೆ ಅಲ್ಲಿ ಬಾಡಿಗೆ ಕೊಡಬೇಕಾಗಿದ್ದರೆ 9,500. ಅಣ್ಣಿಗೇರಿಯಿಂದ ಸುಗ್ಗಿಗೆ ಎರಡು ಚೀಲ ಹಿಂಗಾರಿ ಜೋಳ, ಒಂದು ಚೀಲ ಕಡಲೆ, ಮೆಣಸಿನಕಾಯಿ, ಇವುಗಳಿಗೆ ತಿಂಗಳಿಗೆ ಎರಡೂವರೆ ಸಾವಿರ ಹಿಡಿಯಿರಿ. ಹೆಂಡತಿ ಊರಿನ ಸಾದಾ ಬಸ್ಸಲ್ಲಿ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಶಾಲೆಗೆ ಹೋಗುತ್ತಿದ್ದಳು. ಚಿಗರಿ ಅನ್ನುವ ಎ.ಸಿ. ಬಸ್ಸಿಗೆ ಮಾತ್ರ ಟಿಕೆಟ್, ಅದನ್ನು ಅವಳು ಹತ್ತುತ್ತಿರಲಿಲ್ಲ. ಮಂಗಳೂರಿನಲ್ಲಿ ಸಿಟಿ ಬಸ್ ಅಂದರೆ ಬಹುತೇಕ ಖಾಸಗಿ, ಹೆಂಗಸರಿಗೂ ಟಿಕೆಟ್. ಮತ್ತೆ ಎಲ್ಲಕ್ಕಿಂತ ದೊಡ್ಡದು ಚಿಗವ್ವ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕೂವರೆವರೆಗೆ ಕೂಸು ಅವಳ ತೊಡೆ ಮೇಲೆ. ಕಾವೂರು ಹತ್ತಿರದ ಡೇ ಕೇರ್‌ನಲ್ಲಿ ಇದಕ್ಕೆ 6,000 ಕೇಳಿದ್ದರು, ಸಂಜೆಯ ಹಾಲು ಬೇರೆ. ಹೆಂಡತಿ 16,000 ದುಡಿಯುತ್ತಿದ್ದದ್ದು ಚಿಗವ್ವ ಇದ್ದದ್ದಕ್ಕೇ.

ಎಲ್ಲ ಕೂಡಿಸಿದರೆ ಹದಿನೆಂಟು ಸಾವಿರ ದಾಟಿತು. ಬಡ್ತಿಯಿಂದ ಬಂದ 4,147ರ ನಾಲ್ಕು ಪಟ್ಟಿಗಿಂತ ಜಾಸ್ತಿ. ಈ ಪಗಾರವನ್ನು ಇವರು ವರ್ಷಗಟ್ಟಲೆ ತಿಂದಿದ್ದರು, ಯಾವ ಪಾಸ್‌ಬುಕ್‌ನಲ್ಲೂ ಬಂದಿರಲಿಲ್ಲ. ನಾನು ಏಪ್ರಿಲ್‌ನಲ್ಲಿ ಹಾಕಿದ ಲೆಕ್ಕದಲ್ಲೂ ಮನೆಯ ಬಾಡಿಗೆ ಬಿಟ್ಟರೆ ಇನ್ನೊಂದೂ ಇರಲಿಲ್ಲ. ಎರಡು ಊರನ್ನು ಹೋಲಿಸುವಾಗ ಅಲ್ಲಿ ಏನು ಕೊಡಬೇಕು ಅಂತಷ್ಟೇ ನೋಡುತ್ತೇವೆ, ಇಲ್ಲಿ ಏನು ಕೊಡದೆ ತಿನ್ನುತ್ತಿದ್ದೇವೆ ಅಂತ ನೋಡುವುದಿಲ್ಲ. ಬೆಳಗ್ಗೆ ಚಹಾ ಕುಡಿಯುವಾಗ ಇದನ್ನು ಓದಿ ಹೇಳಿದೆ. ಹೆಂಡತಿ ಅಂದದ್ದು ಒಂದೇ ಮಾತು. "ನಮ್ಮತ್ತೀಗೆ ಈ ಕಾಗದ ತೋರಸಬ್ಯಾಡ್ರಿ, ಅರಿಯರ್ಸ್ ಕೇಳತಾಳ."

ನನ್ನ ಎರಡನೇ ತಪ್ಪು ಇಲ್ಲಿಂದ ಶುರು. ಮೇಲಿನ ಮನೆ ಖಾಲಿ ಇದೆ, ಬಾಡಿಗೆಗೆ ಕೊಡಿ ಅಂತ ಜೂನ್‌ನಲ್ಲೇ ಹೇಳಿದ್ದೆ, ಆದದ್ದೇ ಅಂತ ತಿಳಿದಿದ್ದೆ. ಚಿಗವ್ವನನ್ನು ಕೇಳಿರಲಿಲ್ಲ. ಅವಳು ಸುತರಾಂ ಒಪ್ಪಲಿಲ್ಲ. "ಮ್ಯಾಲಿನ ಮನ್ಯಾಗ ಯಾರ್ನರ ಇಟ್ರ, ನನ್ನ ಮಗ ಹೊಳ್ಳಿ ಬಂದಾಗ ಎಲ್ಲಿರಬೇಕ?" ಕೆಳಗೆ ಇರಲಿ ಚಿಗವ್ವ, ಎರಡು ದಿನ ಅಲ್ವಾ ಅಂದೆ. "ಎರಡ ದಿನಕ್ಕ ಬರವರು ಬೀಗರು. ಅವ ಬೀಗ ಅಲ್ಲ." ಬಾಡಿಗೆಯವರನ್ನು ಇಟ್ಟರೆ ಮಗ ಊರು ಬಿಟ್ಟದ್ದು ಖಾಯಂ ಅಂತ ಅವಳ ಎಣಿಕೆ. ಆ ಖಾಲಿ ಮನೆಯನ್ನು ದಿನಾ ಬೆಳಗ್ಗೆ ಹತ್ತಿ ಕಸ ಹೊಡೆದು ಬರುತ್ತಿದ್ದಳು, ಮಂಡಿ ನೋವಿನ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಬಾಡಿಗೆ ಹೋದದ್ದು 38,000. ಅದೇ ನಾಲ್ಕು ತಿಂಗಳಲ್ಲಿ ಅಲ್ಲಿ ಕೊರತೆ ಬಿದ್ದದ್ದು 25,600. ಅಂದರೆ ಆ ಮನೆಯೊಂದನ್ನು ಕೊಟ್ಟಿದ್ದರೆ ಇವರು ಉಳಿತಾಯಕ್ಕೆ ಕೈ ಹಾಕಬೇಕಿರಲಿಲ್ಲ.

ನಡುವೆ ಆಗಸ್ಟ್‌ನಲ್ಲಿ ಮಗನ ಒತ್ತಾಯಕ್ಕೆ ಅವಳು ಮಂಗಳೂರಿಗೆ ಹೋಗಿ ಮೂರು ವಾರ ಇದ್ದಳು. ಮೊದಲ ವಾರ ನೀರು ನೋಡಿ ಖುಷಿ. ನವನಗರದಲ್ಲಿ ನೀರು ಬಿಟ್ಟ ದಿನ ನಾವು ಕೊಡ, ಬಕೆಟ್, ಸಂಪು ಎಲ್ಲ ತುಂಬಿಸಿಕೊಂಡು ಮುಂದಿನ ಸರದಿಗೆ ಕಾಯುವವರು, ಅಲ್ಲಿ ನಲ್ಲಿ ತಿರುಗಿಸಿದಾಗೆಲ್ಲ ನೀರು. ಎರಡನೇ ವಾರದಿಂದ ಮಾತಿಗೆ ಜನ ಇಲ್ಲ. ಪಕ್ಕದ ಮನೆಯವರು ಒಳ್ಳೆಯವರೇ, ಆದರೆ ತಮ್ಮ ತಮ್ಮಲ್ಲಿ ತುಳು. ಇವಳ ಹತ್ತಿರ ಆಡುವ ಕನ್ನಡ ಪುಸ್ತಕದ ಹಾಗೆ, ಇವಳು ಆಡುವುದು ಅವರಿಗೆ ಅರ್ಧ ತಿಳಿಯದು. "ಎಲ್ಲಾರೂ ಸಾಲಿ ಮಾಸ್ತರ ಮಾತಾಡಿದಂಗ ಮಾತಾಡತಾರ" ಅಂತ ನನಗೆ ಫೋನಿನಲ್ಲಿ ದೂರು. ಗಣಪತಿ ಹಬ್ಬದ ಹೊತ್ತಿಗೆ ವೇಗದೂತ ಬಸ್ ಹತ್ತಿ ಪುಕ್ಕಟೆ ಬಂದುಬಿಟ್ಟಳು.

ಆ ಮೂರು ವಾರ ವ್ಯರ್ಥವಾಗಲಿಲ್ಲ. ಮಗನ ಸಂಸಾರ ಅಲ್ಲಿ ನಿಜವಾಗಿ ನಡೆಯುತ್ತಿದೆ ಅಂತ ಕಣ್ಣಾರೆ ನೋಡಿದಳು. ತಿಂಗಳ ಕೊನೆಗೆ ಸೊಸೆ ಡಬ್ಬಿಯ ತಳ ಕೆರೆದದ್ದನ್ನೂ ನೋಡಿದಳು. ಸೆಪ್ಟೆಂಬರ್ ಕೊನೆಗೆ ಅವಳೇ ಫೋನ್ ಮಾಡಿ, "ಮ್ಯಾಲಿನ ಮನಿಗೆ ಮಂದಿ ಹುಡುಕು" ಅಂದಳು. ಒಂದು ಶರತ್ತು: ಒಂದು ಕೋಣೆಗೆ ಕೀಲಿ ಹಾಕಿ ಮಗನ ಕಪಾಟು ಅಲ್ಲೇ ಇರಬೇಕು. ಇದರಿಂದ ಬಾಡಿಗೆ ಸಾವಿರ ಕಡಿಮೆ ಆಗುತ್ತದೆ ಅಂತ ಹೇಳಲು ಬಾಯಿ ತೆಗೆದವನು ಮುಚ್ಚಿಕೊಂಡೆ. ಅದೃಷ್ಟಕ್ಕೆ ಹಾನಗಲ್ ಕಡೆಯ ಗಂಡ ಹೆಂಡತಿ ಸಿಕ್ಕರು, ಇಬ್ಬರೂ ಕೆಲಸಕ್ಕೆ ಹೋಗುವವರು, ಕೀಲಿ ಹಾಕಿದ ಕೋಣೆಯ ಸಮೇತ 9,500ಕ್ಕೇ ಒಪ್ಪಿದರು. ಅಕ್ಟೋಬರ್ ಒಂದಕ್ಕೆ ಬಂದರು. ಬಾಡಿಗೆ ಚಿಗವ್ವನ ಖಾತೆಗೆ ಬರುತ್ತದೆ, ಅವಳ ಖರ್ಚು ಅದರಲ್ಲೇ, ಉಳಿದದ್ದು ಕಂತಿಗೆ.

ಆಮೇಲೆ ಒಂದರ ಹಿಂದೆ ಒಂದು ಸರಿಹೋಯಿತು. ಅಕ್ಟೋಬರ್‌ನಲ್ಲಿ ಡಿಎ 58ಕ್ಕೆ ಏರಿಸಿದರು, ಜುಲೈಯಿಂದ ಲೆಕ್ಕ, ತಿಂಗಳಿಗೆ 1,347. ನವೆಂಬರ್‌ನಲ್ಲಿ ಕೂಸು ಓದುವ ಶಾಲೆಯಲ್ಲೇ ಒಬ್ಬ ಟೀಚರ್ ಹೆರಿಗೆ ರಜೆಗೆ ಹೋದರು, ಆ ಜಾಗಕ್ಕೆ ಹೆಂಡತಿ ಸೇರಿದಳು. ಪಗಾರ 14,000, ಹುಬ್ಬಳ್ಳಿಗಿಂತ ಕಡಿಮೆ. ಆದರೆ ಟೀಚರ್ ಮಕ್ಕಳಿಗೆ ಅರ್ಧ ಫೀ, ಅಲ್ಲಿ ತಿಂಗಳಿಗೆ 2,000 ಉಳಿಯಿತು. ತಾಯಿ ಮಗಳು ಒಟ್ಟಿಗೆ ನಡೆದು ಹೋಗುತ್ತಾರೆ, ವ್ಯಾನಿನ 1,500 ಉಳಿಯಿತು. ಡೇ ಕೇರ್ ಬೇಕಾಗಲಿಲ್ಲ, ಮಗು ಶಾಲೆಯಲ್ಲೇ ಸಂಜೆವರೆಗೆ ಅವಳ ಕಣ್ಣೆದುರು. ಸಣ್ಣ ಮಕ್ಕಳಿರುವ ಟೀಚರ್‌ಗಳಿಗೆ ನನ್ನ ಸಲಹೆ ಇದು: ಹೊಸ ಊರಲ್ಲಿ ಎರಡು ಸಾವಿರ ಕಡಿಮೆ ಕೊಟ್ಟರೂ ಮಗು ಓದುವ ಶಾಲೆಯನ್ನೇ ಮೊದಲು ಹಿಡಿಯಿರಿ, ದೂರದ ದೊಡ್ಡ ಶಾಲೆ ಆಮೇಲೆ.

ಡಿಸೆಂಬರ್ ಲೆಕ್ಕ: ಇಬ್ಬರ ಪಗಾರ 88,850, ಖರ್ಚು, ಬಾಡಿಗೆ, ಕಂತು ಸೇರಿ 76,500, ಮೇಲಿನ ಮನೆಯ 9,500 ಸೇರಿಸಿದರೆ ಉಳಿಯುವುದು 21,850. ಹುಬ್ಬಳ್ಳಿಯಲ್ಲಿ ಇದ್ದದ್ದಕ್ಕಿಂತ ಹದಿಮೂರು ಸಾವಿರ ಚಿಲ್ಲರೆ ಕಡಿಮೆ. ಅವನೊಬ್ಬನೇ ಪಿಜಿಯಲ್ಲಿ ಇದ್ದಿದ್ದರೆ 26,000 ಉಳಿಯುತ್ತಿತ್ತಲ್ಲ, ಅದಕ್ಕಿಂತಲೂ ನಾಲ್ಕು ಸಾವಿರದಷ್ಟು ಕಡಿಮೆ. ಅಂದರೆ ದಿನಾ ರಾತ್ರಿ ಅಪ್ಪ ಮನೆಗೆ ಬರುವುದಕ್ಕೆ ಇವರು ತಿಂಗಳಿಗೆ ಕೊಡುತ್ತಿರುವುದು ನಾಲ್ಕು ಸಾವಿರ. ಇದನ್ನು ತಮ್ಮನಿಗೆ ಹೇಳಿದೆ. "ಸೋವಿ ಆತಲ್ಲ" ಅಂದ. ಅವನ ಮಾತೇ ಸರಿ, ಏಪ್ರಿಲ್‌ನಲ್ಲಿ ನಾನು ಕೊಟ್ಟ ಸಲಹೆ ಸರಿ ಇರಲಿಲ್ಲ. ಕೆಲಸ ಸಿಗದೆ ಹೋಗಿದ್ದರೆ ಹೀಗೆ ಅನ್ನುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಕ್ರಿಸ್‌ಮಸ್ ರಜೆಗೆ ಅವರು ಬಂದಾಗ ನಾನೂ ನವನಗರಕ್ಕೆ ಹೋಗಿದ್ದೆ. ಕೂಸು ಅಂಗಳದಲ್ಲಿ ಆಡುತ್ತ ಚಿಗವ್ವನಿಗೆ, "ಎಂತ ಆಯಿ, ಬರ್ಲಿಕ್ಕೆ ಆಗುದಿಲ್ವಾ?" ಅಂತ ಕೂಗುತ್ತಿತ್ತು. ಚಿಗವ್ವ ಬಾಗಿಲಲ್ಲಿ ಕೂತಿದ್ದಳು, ತೊಡೆ ಮೇಲೆ ಇನ್ನೊಂದು ಕೂಸು. ಎರಡು ವರ್ಷದ್ದು, ಗುಂಡಗೆ, ಬಾಯಿ ತುಂಬ ಬೆಲ್ಲ. ಯಾರದಿದು ಅಂದೆ. ಮೇಲಿನ ಬಾಡಿಗೆಯವರದು. ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಬೆಳಗ್ಗೆ ಎಂಟಕ್ಕೆ ಬಿಟ್ಟು ಹೋಗಿ ಸಂಜೆ ಒಯ್ಯುತ್ತಾರೆ.

"ಎಷ್ಟ ತೊಗೋತಿ ಚಿಗವ್ವಾ?" ಅಂದೆ, ಜೇಬಿನಲ್ಲಿದ್ದ ಕಾಗದ ನೆನಪಾಗಿ.

"ಕೂಸು ನೋಡಾಕ ರೊಕ್ಕಾ ತೊಗೋತಾರೇನೋ, ಹುಚ್ಚಾ?"